ಚಾಕಿನ ಬೆಲೆ ಇರುವುದು ಹದದಲ್ಲಿ

ಮಾನ್ವಿಯ ಗದ್ದೆಯ ಬದುವಿನಲ್ಲಿ ಗೊಬ್ಬರದ ಚೀಲ ಬಿಚ್ಚಬೇಕು, ದೇವದುರ್ಗದ ಹತ್ತಿ ಹೊಲದಲ್ಲಿ ಹಗ್ಗ ಕೊಯ್ಯಬೇಕು, ಕಾಲುದಾರಿಗೆ ಚಾಚಿದ ಬಳ್ಳಾರಿ ಜಾಲಿಯ ಟೊಂಗೆ ಸವರಬೇಕು. ಮಡಚುವ ಚಾಕು ಇಂಥ ಕೆಲಸಕ್ಕೆ ಬಾಳುವುದಿಲ್ಲ. ಕೀಲಿಗೆ ಎರೆಮಣ್ಣು ಸೇರಿ ಬಿಗಿಯುತ್ತದೆ, ಜೋರಾಗಿ ಒತ್ತಿದರೆ ಅಲುಗಾಡುತ್ತದೆ. ಹಿಡಿಯೊಳಗೆ ಅಲಗು ಗಟ್ಟಿಯಾಗಿ ಕೂತ ಚಾಕೇ ಬೇಕು.

ಯಾವ ಕಬ್ಬಿಣ?

ಹೊಳೆಯುವ ಅಗ್ಗದ ಸ್ಟೀಲ್ ಚಾಕಿಗೆ ತುಕ್ಕು ಬೇಗ ಹತ್ತದು, ಆದರೆ ಬಾಯಿ ಬೇಗ ಮೊಂಡಾಗುತ್ತದೆ. ಮೆದು ಕಬ್ಬಿಣದಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಬೇಕಾದಷ್ಟು ಗಡಸಾಗದು. ಲಾರಿಯ ಪಾಟಾದಲ್ಲಿ, ಅಂದರೆ ಸ್ಪ್ರಿಂಗ್ ಪಟ್ಟಿಯಲ್ಲಿ, ಅದು ಶೇ 0.5ರಿಂದ 0.6ರಷ್ಟಿರುತ್ತದೆ. ನಡುಬೆಲೆಯ ಚಾಕಿಗೆ ಇದೇ ನಂಬಿಕಸ್ತ ಲೋಹ. "ಪಾಟಾದ್ದೇನ್ರಿ?" ಎಂದು ಕಂಬಾರರನ್ನು ಕೇಳಿಯೇ ಕೊಳ್ಳಿ. ಹಳೆಯ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹಿಡಿ ಹಾಕುವ ಮೊದಲು ಅಲಗನ್ನು ದಾರಕ್ಕೆ ತೂಗಿಬಿಟ್ಟು ತಟ್ಟಿ. ಗಂಟೆಯಂತೆ ದನಿ ನಿಂತರೆ ಸರಿ, ಒಡಕು ಗಡಿಗೆಯಂತೆ ಕೇಳಿಸಿದರೆ ಬೇಡ.

ಹದ ಎಂದರೇನು?

ಅಲಗು ಕುಲುಮೆಯಲ್ಲಿ ಕೆಂಪಗೆ ಕಾದು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಇನ್ನೂ ತುಸು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನಷ್ಟು ಗಡಸು, ಗಾಜಿನಂತೆಯೇ ಮುರುಕಲು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಸಣ್ಣ ಕಾವಿಗೆ ಹಿಡಿದಾಗ ಮೈಮೇಲೆ ಬಣ್ಣ ಹರಿಯತೊಡಗುತ್ತದೆ: ಮೊದಲು ಒಣಗಿದ ಜೋಳದ ಕಣಿಕೆಯ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬಾಯಿಗೆ ಕಣಿಕೆಯ ಬಣ್ಣ, ಬೆನ್ನಿಗೆ ನೀಲಿ ಬಂದ ಚಾಕು ಹರಿತವೂ ಹೌದು, ಪೆಟ್ಟನ್ನೂ ತಾಳುತ್ತದೆ. ನೀವು ಕೊಡುವ ಹಣ ಈ ಕೆಲವು ಕ್ಷಣಗಳ ಕೈಚಳಕಕ್ಕೆ.

ಹದ ಪರೀಕ್ಷಿಸಲು ಹಿತ್ತಾಳೆಯ ಸರಳಿನ ಮೇಲೆ ಬಾಯಿಯನ್ನು ಸಾಣೆ ಹಿಡಿಯುವಷ್ಟೇ ಓರೆಯಾಗಿಟ್ಟು ಮೆಲ್ಲಗೆ ಒತ್ತಿ. ಬಾಯಿ ಕೂದಲೆಳೆಯಷ್ಟು ಬಾಗಿ, ಒತ್ತುವುದು ಬಿಟ್ಟಾಗ ನೆಟ್ಟಗಾಗಬೇಕು. ಬಾಗಿದಂತೆಯೇ ಉಳಿದರೆ ಹದ ಮೆತ್ತಗೆ, ಚಕ್ಕೆ ಎದ್ದರೆ ಅತಿ ಗಡಸು.

ಅಳತೆ, ಹಿಡಿ

ಅಲಗು 10–12 ಸೆಂ.ಮೀ., ಬೆನ್ನಿನ ದಪ್ಪ 3–4 ಮಿ.ಮೀ. ಇದ್ದರೆ ಸಾಕು. ಅಲಗಿನ ಬಾಲ ಹಿಡಿಯ ತುದಿಯವರೆಗೂ ಹೋಗಿದೆಯೇ ನೋಡಿ. ಅರ್ಧಕ್ಕೇ ನಿಂತದ್ದು ಒಂದು ದಿನ ಅಲ್ಲೇ ಮುರಿಯುತ್ತದೆ. ಬೇಸಿಗೆಯ ಬೆವರಿಗೆ ನುಣುಪು ಪ್ಲಾಸ್ಟಿಕ್ ಜಾರುತ್ತದೆ. ಕರಿಜಾಲಿ ಕಟ್ಟಿಗೆಯ ಹಿಡಿ ಗಟ್ಟಿ, ಕೈಗೂ ಹಿತ.

ಆರೈಕೆ

ಪಾಟಾಕ್ಕೆ ತುಕ್ಕು ಹಿಡಿಯುತ್ತದೆ. ಗದ್ದೆಯಿಂದ ಬಂದೊಡನೆ ಒರೆಸಿ ಕೊಬ್ಬರಿ ಎಣ್ಣೆ ಸವರಿ. ಕುಸುಬಿ ಎಣ್ಣೆ ಒಣಗಿ ಅಂಟಾಗುವುದರಿಂದ ಬೇಡ. ಒದ್ದೆ ಚಾಕನ್ನು ಚರ್ಮದ ಒರೆಯಲ್ಲಿ ಇಡಬಾರದು. ಸಾಣೆಯನ್ನು ಕಲ್ಲಿನ ಮೇಲೆಯೇ ಹಿಡಿಯಿರಿ. ಚಕ್ರಕ್ಕೆ ಕೊಟ್ಟರೆ ಪದೇಪದೇ ನೀರಿಗೆ ಅದ್ದಲು ಹೇಳಿ. ಬಾಯಿ ನೀಲಿಯಾದರೆ ಹದ ಹೋದಂತೆ.

ಮನೆಗೆಲಸ ಅಥವಾ ಕೃಷಿಗೆಂದೇ ಮಾಡಿದ ಉಪಕರಣಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಶಸ್ತ್ರವೆಂದು ಎಣಿಸುವುದಿಲ್ಲ. ಆದರೂ ಸಂತೆ, ಜಾತ್ರೆ, ಬಸ್ಸಿನಲ್ಲಿ ಚಾಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಬೇಡಿ.

ಊರ ಕಂಬಾರರಲ್ಲಿ ಕೊಂಡರೆ ಇನ್ನೊಂದು ಲಾಭವಿದೆ. ಹದ ಹೋದ ಚಾಕನ್ನು ಅದೇ ಕುಲುಮೆಗೆ ಒಯ್ದು ಮತ್ತೆ ಹದ ಮಾಡಿಸಬಹುದು. ಪೆಟ್ಟಿಗೆಯಲ್ಲಿ ಬಂದ ಚಾಕಿಗೆ ಆ ಮರಳುದಾರಿ ಇಲ್ಲ.