ಕಬ್ಬಿನ ಗಾಣವೂ ಎಣ್ಣೆಯ ಪೊರೆಯೂ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಬಯಲಿನಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಸಂಚರಿಸಿದವರು ಸಕ್ಕರೆ ಕಾರ್ಖಾನೆಗಳ ಮುಂದೆ ಸಾಲುಗಟ್ಟಿ ನಿಂತ ಗಾಡಿಗಳನ್ನು ಕಂಡಿರಬಹುದು. ನೆರೆಯ ನಿಪ್ಪಾಣಿಯ ತಂಬಾಕು ಹದಗೊಳ್ಳುವುದಕ್ಕೆ ಕಾಲವನ್ನು ಬೇಡುತ್ತದೆ. ಕಬ್ಬಾದರೋ ಕಡಿದ ಮೇಲೆ ಕಾದಷ್ಟೂ ತನ್ನ ಸಕ್ಕರೆಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಗಾಣವು ನಿಂತಿತೆಂದರೆ ನಷ್ಟವು ಕಾರ್ಖಾನೆಗೆ ಮಾತ್ರವಲ್ಲ, ಸಾಲಿನ ತುದಿಯಲ್ಲಿರುವ ರೈತನಿಗೂ ತಟ್ಟುತ್ತದೆ. ಗಾಣವನ್ನು ನಿಲ್ಲಿಸಬಲ್ಲ ಕಾರಣಗಳಲ್ಲಿ ಒಂದು, ಉರುಳೆಯ ಅಚ್ಚು ತನ್ನ ಬೇರಿಂಗಿನಲ್ಲಿ ಕಾದುಹೋಗುವುದು. ಅದನ್ನು ಕುರಿತು ಇಂದು ವಿಚಾರಿಸೋಣ.

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಎಲ್ಲರೂ ಬಲ್ಲ ಸಂಗತಿಯಷ್ಟೆ. ಆದರೆ ಆ ಎಣ್ಣೆಯು ಭಾರವನ್ನೇ ಹೊರಬಲ್ಲದೆಂಬುದು 1883ರ ವರೆಗೆ ಸ್ಪಷ್ಟವಾಗಿರಲಿಲ್ಲ. ಇಂಗ್ಲೆಂಡಿನ ಬೋಷಾಂ ಟವರ್ ಎಂಬವರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತ, ಅದರ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರು, ಎಣ್ಣೆ ಬಿರಡೆಯನ್ನೇ ಹೊರದೂಡಿತು. ಮಾಪಕವಿಟ್ಟು ನೋಡಿದಾಗ ಅಲ್ಲಿಯ ಒತ್ತಡವು ಸರಾಸರಿ ಭಾರದ ಎರಡು ಪಟ್ಟನ್ನೂ ಮೀರಿತ್ತು. ಅಚ್ಚು ತಿರುಗುವಾಗ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಇಕ್ಕಟ್ಟಿಗೆ ಸಿಕ್ಕಿದ ಎಣ್ಣೆ ಅಚ್ಚನ್ನೋ ಬೇರಿಂಗನ್ನೋ ಎತ್ತಿ ಹಿಡಿಯುತ್ತದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಕೊಟ್ಟ ಸಮೀಕರಣವೇ ಇಂದಿಗೂ ಲೆಕ್ಕದ ತಳಹದಿ.

ರೆನಾಲ್ಡ್ಸರು ಎಣ್ಣೆಯನ್ನು ನ್ಯೂಟನ್ನರ ನಿಯಮಕ್ಕೆ ಒಳಪಟ್ಟ ದ್ರವವೆಂದು ಎಣಿಸಿದ್ದರು. ಎಂದರೆ, ಎಷ್ಟು ವೇಗವಾಗಿ ಕಲಕಿದರೂ ಅದರ ಸ್ನಿಗ್ಧತೆ ಬದಲಾಗದು. ಶೇಂಗಾ ಎಣ್ಣೆಗೆ ಈ ಮಾತು ಸಲ್ಲುತ್ತದೆ. ಶ್ರೀಖಂಡಕ್ಕೆ ಸಲ್ಲದು: ಅದು ಚಮಚದಲ್ಲಿ ಗುಡ್ಡೆಯಾಗಿ ನಿಲ್ಲುತ್ತದೆ, ಕಲಕಿದೊಡನೆ ಸಡಿಲವಾಗುತ್ತದೆ. ಗ್ರೀಸಿನ ಸ್ವಭಾವವೂ ಇಂಥದೇ. ದಪ್ಪಗಾಗಿಸುವ ವಸ್ತುಗಳನ್ನು ಬೆರೆಸಿದ ಭಾರಿ ಎಣ್ಣೆಗಳೂ ಜೋರಾಗಿ ಅರೆಯಲ್ಪಟ್ಟಾಗ ತೆಳುವಾಗಬಲ್ಲವು.

ಈಗ ಗಾಣಕ್ಕೆ ಬರೋಣ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಕಾರ್ಖಾನೆಯುಳ್ಳ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಬಳಿಕ ಸೀಮೆಯ ಇತರ ತಾಲ್ಲೂಕುಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಸಾಮಾನ್ಯವಾಗಿ ಇಂಥ ಗಾಣದ ಉರುಳೆಯು ಮಿನಿಟಿಗೆ ನಾಲ್ಕೈದು ಸುತ್ತು ಮಾತ್ರ ತಿರುಗುತ್ತದೆ. ಅದರ ಮೇಲಿನ ಭಾರವೋ ನೂರಾರು ಟನ್ನು. ವೇಗ ಕಡಿಮೆಯಾದುದರಿಂದ ಎಣ್ಣೆಯ ಪೊರೆ ಬಲು ತೆಳ್ಳಗೆ. ಲೋಹದ ಉಬ್ಬುಗಳು ಅಲ್ಲಲ್ಲಿ ಒಂದನ್ನೊಂದು ಮುಟ್ಟುತ್ತವೆ. ಅದಕ್ಕೆಂದೇ ಅತಿ ದಪ್ಪನೆಯ ಎಣ್ಣೆಯನ್ನು ಹಾಕುವರು. ಕಂಚಿನ ಬೇರಿಂಗಿನ ಒಳಮೈಗೆ ಮೃದುವಾದ ಬಿಳಿಲೋಹದ ಲೇಪ ಕೊಡುವುದೂ ಉಂಟು.

ಲೆಕ್ಕವು ತೊಡಕಾಗುವುದು ಇಲ್ಲಿಯೇ. ಒತ್ತಡಕ್ಕೆ ಲೇಪವು ತುಸು ಬಾಗುತ್ತದೆ. ಬಾಗಿದರೆ ಸಂದಿಯ ಆಕಾರ ಬದಲಾಗುತ್ತದೆ. ಆಕಾರ ಬದಲಾದರೆ ಒತ್ತಡವೂ ಬದಲಾಗುತ್ತದೆ. ಮೃದುವಾದ ಲೇಪ ಭಾರವನ್ನು ಹರಡಿ ಒತ್ತಡದ ಶಿಖರವನ್ನು ತಗ್ಗಿಸುತ್ತದೆ, ಗಡುಸಾದದ್ದು ಏರಿಸುತ್ತದೆ. ಎಣ್ಣೆಯ ಸ್ನಿಗ್ಧತೆಯಾದರೂ ಒತ್ತಡದೊಡನೆ ಹೆಚ್ಚುತ್ತದೆ, ಅರೆತದೊಡನೆ ಮತ್ತು ಬಿಸಿಯೊಡನೆ ಕುಗ್ಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ತಿಳಿಯುವಂತಿಲ್ಲ. ಆದುದರಿಂದ ಗಣಿತಜ್ಞರು ಮೊದಲು ಒಂದು ಊಹೆಯಿಂದ ಹೊರಟು, ಸಂದಿಯನ್ನು ಚೌಕುಳಿಗಳಾಗಿ ವಿಂಗಡಿಸಿ, ದೊಡ್ಡ ಚೌಕುಳಿಗಳಲ್ಲಿಯೂ ಸಣ್ಣವುಗಳಲ್ಲಿಯೂ ಸರದಿಯಾಗಿ ತಪ್ಪನ್ನು ತಿದ್ದುತ್ತ ಹೋಗುತ್ತಾರೆ. ಲೇಪವನ್ನೂ ಅರೆತವನ್ನೂ ಕೈಬಿಟ್ಟು ಮಾಡಿದ ಸುಲಭದ ಲೆಕ್ಕವು ಪೊರೆಯನ್ನು ಇದ್ದುದಕ್ಕಿಂತ ದಪ್ಪವಾಗಿ ತೋರಿಸಬಲ್ಲದು. ಗಾಣದ ವಿಷಯದಲ್ಲಿ ಅಂಥ ಲೆಕ್ಕವನ್ನು ನೆಚ್ಚುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಈ ಶಾಸ್ತ್ರ ನಮ್ಮ ನಾಡಿಗೆ ದೂರದ್ದಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಗಣಿತಜ್ಞರು ಸಸ್ಯಜನ್ಯ ತೈಲಗಳ ಪೊರೆಯನ್ನು ಇದೇ ರೀತಿಯಲ್ಲಿ ಲೆಕ್ಕಹಾಕಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನುಷ್ಯನ ಕೀಲುಗಳನ್ನು ಕುರಿತು ಇಂಥ ಕೆಲಸ ನಡೆದಿದೆ. ಮೊಣಕಾಲಿನಲ್ಲಿಯೂ ಎಲುಬಿಗೆ ಮೃದ್ವಸ್ಥಿಯ ಲೇಪವಿದ್ದು, ನಡುವೆ ನ್ಯೂಟನ್ನರ ನಿಯಮವನ್ನು ಪಾಲಿಸದ ದ್ರವವಿದೆಯಲ್ಲವೆ?

ಗಾಣವು ನಿಂತು ಮತ್ತೆ ಹೊರಡುವಾಗಿನ ಗಳಿಗೆಗೆ ಮಾತ್ರ ಬೇರೆ ಲೆಕ್ಕ ಬೇಕು. ಆಗ ಸಂದಿಗೆ ಎಣ್ಣೆಯನ್ನು ಎಳೆಯುವ ವೇಗವೇ ಇಲ್ಲ, ಭಾರ ಹೊರುವ ಪೊರೆಯೂ ಇಲ್ಲ. ಮೊದಲ ಸುತ್ತಿನಲ್ಲಿ ಅಚ್ಚನ್ನು ಕಾಪಾಡುವುದು ಲೋಹಕ್ಕೆ ಅಂಟಿಕೊಂಡು ಉಳಿದ ಎಣ್ಣೆಯ ಜಿಡ್ಡು ಮತ್ತು ಆ ಮೃದುವಾದ ಲೇಪ, ಇವೆರಡೇ.