ಪೂರ್ವಚುನಾವಣೆಯೂ ಗವರ್ನರನ ಪುನರಾಯ್ಕೆಯೂ: ಕ್ಯಾಲಿಫೋರ್ನಿಯಾ ಸಂಸ್ಥಾನದ ನಿದರ್ಶನ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯವ್ಯವಸ್ಥೆಯನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ಮೊದಲು ಎದುರಾಗುವ ತೊಡಕು ಮಾತುಗಳದು. ‘ಗವರ್ನರ್’ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮವರ ಮನಸ್ಸಿಗೆ ರಾಜಭವನವೂ ಅದರಲ್ಲಿ ವಾಸಿಸುವ ರಾಜ್ಯಪಾಲರೂ ತೋರುವುದು ಸಹಜ. ನಮ್ಮ ಸಂವಿಧಾನದ ೧೫೫ನೆಯ ವಿಧಿಯ ಮೇರೆಗೆ ರಾಜ್ಯಪಾಲರನ್ನು ನೇಮಿಸತಕ್ಕವರು ರಾಷ್ಟ್ರಪತಿಗಳು. ರಾಜ್ಯಪಾಲರನ್ನು ಪ್ರಜೆಗಳೇ ನೇರವಾಗಿ ಚುನಾಯಿಸಬೇಕೆಂಬ ಸಲಹೆಯನ್ನು ನಮ್ಮ ಸಂವಿಧಾನಸಭೆಯು ೧೯೪೭ರಲ್ಲಿ ಅಂಗೀಕರಿಸಿದ್ದಿತು. ಆದರೆ ಚುನಾಯಿತನಾದ ರಾಜ್ಯಪಾಲನಿಗೂ ಶಾಸನಸಭೆಗೆ ಹೊಣೆಯಾದ ಮುಖ್ಯಮಂತ್ರಿಗೂ ಘರ್ಷಣೆ ಉಂಟಾದೀತೆಂಬ ಆಶಂಕೆಯೇ ಮೊದಲಾದ ಕಾರಣಗಳಿಂದ ೧೯೪೯ರಲ್ಲಿ ಅದನ್ನು ಕೈಬಿಟ್ಟರು. ಅಮೆರಿಕಾದ ಸಂಸ್ಥಾನಗಳಲ್ಲಿ ಗವರ್ನರನು ಪ್ರಜೆಗಳಿಂದಲೇ ಆರಿಸಲ್ಪಟ್ಟವನು. ಕಾರ್ಯಾಂಗದ ಸಂಪೂರ್ಣ ಅಧಿಕಾರವುಳ್ಳವನು. ಶಾಸನಸಭೆಯ ವಿಶ್ವಾಸವನ್ನು ಅವಲಂಬಿಸದೆ ಗೊತ್ತಾದ ಅವಧಿಯವರೆಗೆ ಆಳತಕ್ಕವನು. ಆದಕಾರಣ ಈ ಲೇಖನದಲ್ಲಿ ‘ರಾಜ್ಯಪಾಲ’ ಎಂಬ ಮಾತನ್ನು ಬಿಟ್ಟು ‘ಗವರ್ನರ್’ ಎಂಬುದನ್ನೇ ಬಳಸಿದೆ.

ಎರಡನೆಯ ಮಾತು ‘ಪ್ರೈಮರಿ’. ಇದನ್ನು ‘ಪ್ರಾಥಮಿಕ ಚುನಾವಣೆ’ ಎಂದು ಅನುವಾದಿಸುವ ರೂಢಿಯುಂಟು. ಆದರೆ ‘ಪ್ರಾಥಮಿಕ’ ಶಬ್ದಕ್ಕೆ ನಮ್ಮಲ್ಲಿ ಪಾಠಶಾಲೆಯ ಸಂಬಂಧವು ಬಲವಾಗಿ ಅಂಟಿಕೊಂಡಿರುವುದರಿಂದ, ಇದೊಂದು ಕೆಳಗಿನ ತರಗತಿಯ, ಅಷ್ಟೇನೂ ಮಹತ್ವವಿಲ್ಲದ ಚುನಾವಣೆಯೆಂಬ ಭ್ರಾಂತಿ ಹುಟ್ಟಬಹುದು. ಸಾರ್ವತ್ರಿಕ ಚುನಾವಣೆಗೆ ಮುಂಚೆ, ಒಂದು ಪಕ್ಷದವರೆಂದು ದಾಖಲಾದ ಸಾಮಾನ್ಯ ಮತದಾರರು, ಸರ್ಕಾರವೇ ನಡೆಸುವ ಮತದಾನದ ಮೂಲಕ ಆ ಪಕ್ಷದ ಉಮೇದುವಾರನನ್ನು ಗೊತ್ತುಮಾಡುವುದೇ ಪ್ರೈಮರಿಯ ಸ್ವರೂಪ. ಇದಕ್ಕೆ ‘ಪೂರ್ವಚುನಾವಣೆ’ ಎಂಬ ಹೆಸರು ಒಪ್ಪುವುದು.

ಗವರ್ನರನು ಎರಡನೆಯ ಸಲ ಆಯ್ಕೆಯಾಗಬೇಕೆಂದು ನಿಂತಾಗ ಅವನ ಭವಿಷ್ಯವು ನಿಶ್ಚಯವಾಗುವುದು ಎಲ್ಲಿ? ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲೋ, ಅದಕ್ಕೆ ಮುಂಚಿನ ಪೂರ್ವಚುನಾವಣೆಯಲ್ಲೋ? ಈ ಪ್ರಶ್ನೆಗೆ ಕ್ಯಾಲಿಫೋರ್ನಿಯಾ ಸಂಸ್ಥಾನದ ಚರಿತ್ರೆಯು ಕೊಡುವ ಉತ್ತರವು ವಿಚಾರಾರ್ಹವಾಗಿದೆ. ಇದರೊಳಗೆ ಇನ್ನೊಂದು ಹಿರಿಯ ಪ್ರಶ್ನೆಯೂ ಅಡಗಿದೆ: ಪಕ್ಷವೊಂದರ ಹೆಸರು ಯಾರ ಸೊತ್ತು?

೨

ಹತ್ತೊಂಬತ್ತನೆಯ ಶತಮಾನದಲ್ಲಿ ಉಮೇದುವಾರರನ್ನು ಆರಿಸುತ್ತಿದ್ದುದು ಪಕ್ಷದ ಪ್ರತಿನಿಧಿಗಳ ಸಮ್ಮೇಲನ. ಅದರ ಸೂತ್ರಗಳು ಬಹುಮಟ್ಟಿಗೆ ಪಕ್ಷದ ಯಜಮಾನರ ಕೈಯಲ್ಲಿದ್ದುವು. ಅವರ ಬೆನ್ನಿಗೆ ದೊಡ್ಡ ಕಂಪೆನಿಗಳ ಹಣವಿತ್ತು. ಈ ಏರ್ಪಾಡನ್ನು ಮುರಿಯಬೇಕೆಂದು ಹೊರಟ ಸುಧಾರಕರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಗವರ್ನರ್ ರಾಬರ್ಟ್ ಲಾ ಫಾಲೆಟ್ ಅಗ್ರಗಣ್ಯನು. ಅವನ ಪ್ರಯತ್ನದಿಂದ ೧೯೦೩ರಲ್ಲಿ ರಚಿತವಾದ ಪೂರ್ವಚುನಾವಣೆಯ ಶಾಸನವನ್ನು ೧೯೦೪ರಲ್ಲಿ ಅಲ್ಲಿಯ ಮತದಾರರು ಅನುಮೋದಿಸಿದರು.

ಕ್ಯಾಲಿಫೋರ್ನಿಯಾದಲ್ಲಿ ಆಗ ಪ್ರಬಲವಾಗಿದ್ದುದು ಸದರ್ನ್ ಪೆಸಿಫಿಕ್ ರೈಲ್ವೆ ಕಂಪೆನಿ. ಸಂಸ್ಥಾನದ ರಾಜಕಾರಣವು ಅದರ ಕಚೇರಿಯಲ್ಲಿಯೇ ನಡೆಯುವುದೆಂಬ ಮಾತು ಪ್ರಸಿದ್ಧವಾಗಿದ್ದಿತು. ೧೯೦೯ರಲ್ಲಿ ನೇರ ಪೂರ್ವಚುನಾವಣೆಯ ಶಾಸನವು ಜಾರಿಗೆ ಬಂದಿತು. ಮರುವರ್ಷವೇ ಹೈರಮ್ ಜಾನ್ಸನ್ ಎಂಬ ವಕೀಲನು, ರೈಲ್ವೆ ಕಂಪೆನಿಯನ್ನು ರಾಜಕೀಯದಿಂದ ಒದ್ದೋಡಿಸುವೆನೆಂದು ಸಾರುತ್ತ, ಮೋಟಾರಿನಲ್ಲಿ ಊರೂರು ಸುತ್ತಿ, ರಿಪಬ್ಲಿಕನ್ ಪಕ್ಷದ ಪೂರ್ವಚುನಾವಣೆಯನ್ನು ಗೆದ್ದು, ೧೯೧೦ರ ನವೆಂಬರಿನಲ್ಲಿ ಗವರ್ನರನಾದನು. ಹಳೆಯ ಸಮ್ಮೇಲನದ ಪದ್ಧತಿಯೇ ಇದ್ದಿದ್ದರೆ ಇಂಥವನಿಗೆ ಉಮೇದುವಾರಿಕೆ ದೊರೆಯುವುದು ದುರ್ಲಭವಾಗುತ್ತಿದ್ದಿತು.

೧೯೧೨ರಲ್ಲಿ ಥಿಯೋಡರ್ ರೂಸ್‌ವೆಲ್ಟನು ರಿಪಬ್ಲಿಕನ್ ಪಕ್ಷದಿಂದ ಸಿಡಿದು ಪ್ರೊಗ್ರೆಸಿವ್ ಪಕ್ಷವನ್ನು ಕಟ್ಟಿದಾಗ ಜಾನ್ಸನನು ಅದರ ಉಪಾಧ್ಯಕ್ಷಸ್ಥಾನದ ಉಮೇದುವಾರನಾದನು. ಹೊಸ ಪಕ್ಷಕ್ಕೆ ಹೋದರೆ ಹಳೆಯ ಪಕ್ಷದ ಓಟುಗಳು ಕೈತಪ್ಪುವ ಭಯ. ಹಳೆಯದರಲ್ಲಿಯೇ ಉಳಿದರೆ ಹೊಸದು ಬೆಳೆಯದೆಂಬ ಚಿಂತೆ. ಈ ಇಕ್ಕಟ್ಟಿನಿಂದ ಪಾರಾಗಲು ಪ್ರೊಗ್ರೆಸಿವರು ೧೯೧೩ರಲ್ಲಿ ಒಂದು ಹೊಸ ಶಾಸನವನ್ನು ಮಾಡಿದರು. ಅದರ ಪ್ರಕಾರ ಒಬ್ಬನೇ ಉಮೇದುವಾರನು ತನ್ನ ಪಕ್ಷದ ಪೂರ್ವಚುನಾವಣೆಯಲ್ಲಿ ಮಾತ್ರವಲ್ಲದೆ ಇತರ ಪಕ್ಷಗಳ ಪೂರ್ವಚುನಾವಣೆಗಳಲ್ಲಿಯೂ ನಿಲ್ಲಬಹುದಾಗಿತ್ತು. ‘ಕ್ರಾಸ್ ಫೈಲಿಂಗ್’ ಎಂದು ಆ ನಾಡಿನವರು ಕರೆದ ಈ ಪದ್ಧತಿಯನ್ನು ನಾವು ‘ಉಭಯಪಕ್ಷ ಉಮೇದುವಾರಿಕೆ’ ಎನ್ನಬಹುದು. ೧೯೧೪ರಲ್ಲಿ ಜಾನ್ಸನನು ಪ್ರೊಗ್ರೆಸಿವ್ ಪಕ್ಷದವನಾಗಿಯೇ ನಿಂತು, ಮೂವರ ಸ್ಪರ್ಧೆಯಲ್ಲಿ ಅರ್ಧದಷ್ಟು ಓಟುಗಳನ್ನು ಪಡೆದು ಪುನರಾಯ್ಕೆ ಹೊಂದಿದನು. ೧೮೫೩ರಲ್ಲಿ ಜಾನ್ ಬಿಗ್ಲರ್ ಎರಡನೆಯ ಸಲ ಗೆದ್ದ ಮೇಲೆ ಆ ಸಂಸ್ಥಾನದಲ್ಲಿ ಗವರ್ನರನೊಬ್ಬನು ಪುನರಾಯ್ಕೆಯಾದುದು ಅದೇ ಮೊದಲು.

೩

ಹೊಸ ಪದ್ಧತಿಯೊಳಗಿನ ವಿಚಿತ್ರವು ೧೯೧೮ರಲ್ಲಿ ಬಯಲಿಗೆ ಬಂದಿತು. ಜಾನ್ಸನನು ೧೯೧೭ರಲ್ಲಿ ಸೆನೆಟಿಗೆ ಹೋದುದರಿಂದ ಉಪಗವರ್ನರನಾಗಿದ್ದ ವಿಲಿಯಂ ಸ್ಟೀಫನ್ಸನು ಆ ಪದವಿಗೆ ಏರಿದ್ದನು. ಅವನ ಎದುರಿಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಯರ್ ಜೇಮ್ಸ್ ರಾಲ್ಫ್ ಎಂಬ ರಿಪಬ್ಲಿಕನನು ಎರಡು ಪಕ್ಷಗಳಲ್ಲಿಯೂ ನಿಂತನು. ಪರಿಣಾಮವು ವಿಪರೀತವಾಯಿತು. ರಾಲ್ಫನು ತನ್ನದಾದ ರಿಪಬ್ಲಿಕನ್ ಪಕ್ಷದಲ್ಲಿ ಸೋತು, ತನ್ನದಲ್ಲದ ಡೆಮೊಕ್ರಾಟಿಕ್ ಪಕ್ಷದಲ್ಲಿ ಗೆದ್ದನು! ಸ್ವಪಕ್ಷದಲ್ಲಿ ಸೋತವನು ಪರಪಕ್ಷದ ಉಮೇದುವಾರನಾಗಕೂಡದೆಂದು ಅಷ್ಟುಹೊತ್ತಿಗೆ ಶಾಸನವು ವಿಧಿಸಿದ್ದಿತು. ಡೆಮೊಕ್ರಾಟರಲ್ಲಿ ಎರಡನೆಯವನಾಗಿ ಬಂದ ಫ್ರಾನ್ಸಿಸ್ ಹೆನಿಯು ಉಮೇದುವಾರಿಕೆ ತನಗೆ ಸಲ್ಲಬೇಕೆಂದು ನ್ಯಾಯಾಲಯಕ್ಕೆ ಹೋದನು. ರಾಲ್ಫನಿಗೂ ಇಲ್ಲ, ಹೆನಿಗೂ ಇಲ್ಲ ಎಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹೀಗೆ ಒಂದು ಮಹಾಪಕ್ಷವು ಗವರ್ನರನ ಪದವಿಗೆ ಉಮೇದುವಾರನೇ ಇಲ್ಲದೆ ಚುನಾವಣೆಯನ್ನು ಎದುರಿಸಬೇಕಾಯಿತು, ಸ್ಟೀಫನ್ಸನು ಗೆದ್ದನು.

ಮುಂದಿನ ಕಾಲವು ಅಧಿಕಾರಾರೂಢರಿಗೆ ಕಂಟಕಪ್ರಾಯವಾಗಿದ್ದಿತು. ಇದೇ ಸ್ಟೀಫನ್ಸನು ೧೯೨೨ರಲ್ಲಿ ಮತ್ತೆ ನಿಂತಾಗ ಸ್ವಪಕ್ಷದ ಪೂರ್ವಚುನಾವಣೆಯಲ್ಲಿಯೇ ಫ್ರೆಂಡ್ ರಿಚರ್ಡ್‌ಸನನಿಗೆ ಸೋತನು. ಮಿತವ್ಯಯವೇ ಮಂತ್ರವಾಗಿದ್ದ ರಿಚರ್ಡ್‌ಸನನು ೧೯೨೬ರಲ್ಲಿ ಸಿ. ಸಿ. ಯಂಗನಿಗೆ ಸೋತನು. ಯಂಗನು ೧೯೩೦ರಲ್ಲಿ, ಹಿಂದೆ ಹೇಳಿದ ರಾಲ್ಫನಿಗೆ ಸೋತನು. ಪಾನನಿರೋಧದ ಪರವಾದ ಓಟುಗಳು ಯಂಗನಿಗೂ ಬ್ಯೂರನ್ ಫಿಟ್ಸನಿಗೂ ಹಂಚಿಹೋದುದು ನಿರೋಧದ ವಿರೋಧಿಯಾದ ರಾಲ್ಫನಿಗೆ ಅನುಕೂಲವಾಯಿತು. ಹೀಗೆ ಸಾಲಾಗಿ ಮೂವರು ಗವರ್ನರರು ನವೆಂಬರಿನವರೆಗೆ ಹೋಗುವ ಅವಕಾಶವೇ ಇಲ್ಲದೆ, ತಮ್ಮ ಪಕ್ಷದವರಿಂದಲೇ ಮನೆಗೆ ಕಳುಹಿಸಲ್ಪಟ್ಟರು. ಕಾರಣವು ಸ್ಪಷ್ಟವಾಗಿದೆ. ಆ ಕಾಲದಲ್ಲಿ ರಿಪಬ್ಲಿಕನರ ಪ್ರಾಬಲ್ಯವು ಎಷ್ಟಿತ್ತೆಂದರೆ, ಅವರ ಪೂರ್ವಚುನಾವಣೆಯಲ್ಲಿ ಗೆದ್ದವನು ಗವರ್ನರನಾದಂತೆಯೇ. ಪಕ್ಷಪಕ್ಷಗಳ ನಡುವೆ ನಡೆಯಬೇಕಾದ ಹೋರಾಟವು ಒಂದೇ ಪಕ್ಷದ ಸುಧಾರಕರಿಗೂ ಸಂಪ್ರದಾಯವಾದಿಗಳಿಗೂ ನಡುವೆ, ಪಕ್ಷದ ಮನೆಯೊಳಗೇ ನಡೆದು ಮುಗಿಯುತ್ತಿದ್ದಿತು.

೪

ಇದೇ ಪೂರ್ವಚುನಾವಣೆಯು ಮತ್ತೊಬ್ಬ ಗವರ್ನರನಿಗೆ ಸಿಂಹಾಸನವಾದ ಬಗೆಯನ್ನು ಈಗ ನೋಡೋಣ. ಅರ್ಲ್ ವಾರನನು ೧೮೯೧ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದವನು; ಅವನ ತಂದೆಯು ಅದೇ ಸದರ್ನ್ ಪೆಸಿಫಿಕ್ ರೈಲ್ವೆಯ ನೌಕರ. ವಾರನನು ಸರ್ಕಾರಿ ವಕೀಲನಾಗಿ ಹೆಸರು ಪಡೆದು, ೧೯೩೯ರಲ್ಲಿ ಸಂಸ್ಥಾನದ ಅಟಾರ್ನಿ ಜನರಲ್ ಆದನು. ಪಕ್ಷಾತೀತನೆಂಬ ಕೀರ್ತಿಯು ಅವನ ದೊಡ್ಡ ಬಂಡವಾಳ. ಆದರೂ ೧೯೪೨ರಲ್ಲಿ ಜಪಾನೀ ಮೂಲದ ಪ್ರಜೆಗಳನ್ನು ಕರಾವಳಿಯಿಂದ ಹೊರಹಾಕಿ ಶಿಬಿರಗಳಲ್ಲಿಟ್ಟ ಅನ್ಯಾಯವನ್ನು ಸಮರ್ಥಿಸಿದವರಲ್ಲಿ ಅವನೂ ಒಬ್ಬನೆಂಬುದನ್ನು ಮರೆಯಲಾಗದು.

೧೯೩೦ರ ದಶಕದ ಆರ್ಥಿಕ ಸಂಕಟದ ತರುವಾಯ ಕ್ಯಾಲಿಫೋರ್ನಿಯಾದಲ್ಲಿ ಡೆಮೊಕ್ರಾಟರೆಂದು ದಾಖಲಾದವರ ಸಂಖ್ಯೆಯು ರಿಪಬ್ಲಿಕನರನ್ನು ಮೀರಿದ್ದಿತು. ೧೯೩೮ರಲ್ಲಿ ಆ ಪಕ್ಷದ ಕಲ್ಬರ್ಟ್ ಓಲ್ಸನನು ಗವರ್ನರನಾದನು. ೧೯೪೨ರಲ್ಲಿ ವಾರನನು ಅವನ ಮೇಲೆ ನಿಂತಾಗ, ರಿಪಬ್ಲಿಕನ್ ಪಕ್ಷದ ಜೊತೆಗೆ ಡೆಮೊಕ್ರಾಟಿಕ್ ಪಕ್ಷದಲ್ಲಿಯೂ ಉಮೇದುವಾರಿಕೆಯನ್ನು ಸಲ್ಲಿಸಿದನು. ಅಲ್ಲಿ ಅವನು ಸೋತನಾದರೂ ಡೆಮೊಕ್ರಾಟರ ೪ ಲಕ್ಷಕ್ಕೂ ಮಿಕ್ಕ ಓಟುಗಳು ಅವನಿಗೆ ಬಿದ್ದುವು. ಓಲ್ಸನನ ಪುನರಾಯ್ಕೆಯ ಆಸೆಯು ಅಂದೇ ಕುಂದಿತು. ನವೆಂಬರಿನಲ್ಲಿ ವಾರನನು ಸುಲಭವಾಗಿ ಗೆದ್ದನು.

ಯುದ್ಧಕಾಲದ ಸಮೃದ್ಧಿಯಲ್ಲಿ ವಾರನನು ತೆರಿಗೆಗಳನ್ನು ತಗ್ಗಿಸಿದನು. ವೃದ್ಧರ ವೇತನವನ್ನು ಏರಿಸಿದನು. ೧೯೪೫ರಲ್ಲಿ ಸಾರ್ವತ್ರಿಕ ಆರೋಗ್ಯ ವಿಮೆಯ ಮಸೂದೆಯನ್ನು ತಂದು ವೈದ್ಯಸಂಘದ ವಿರೋಧದಿಂದ ಸೋತನು. ರಿಪಬ್ಲಿಕನ್ ಗವರ್ನರನೊಬ್ಬನು ಇಂತಹ ಮಸೂದೆಯನ್ನು ತಂದುದು ಡೆಮೊಕ್ರಾಟರ ಮೆಚ್ಚುಗೆಗೆ ಕಾರಣವಾಯಿತು. ೧೯೪೬ರಲ್ಲಿ ಅವನ ಎದುರಾಳಿಯಾದವನು ಡೆಮೊಕ್ರಾಟಿಕ್ ಪಕ್ಷದ ಅಟಾರ್ನಿ ಜನರಲ್ ರಾಬರ್ಟ್ ಕೆನಿ. ಇಬ್ಬರೂ ಎರಡೂ ಪಕ್ಷಗಳಲ್ಲಿ ನಿಂತರು. ಜೂನ್ ೪ರಂದು ನಡೆದ ಪೂರ್ವಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ವಾರನನಿಗೆ ಸುಮಾರು ೭ ಲಕ್ಷ ೭೪ ಸಾವಿರ ಓಟುಗಳು ಬಂದುವು. ಕೆನಿಗೆ ಬಂದುವು ೭೦ ಸಾವಿರ ಮಾತ್ರ. ಡೆಮೊಕ್ರಾಟಿಕ್ ಪಕ್ಷದಲ್ಲಿಯೂ ವಾರನನಿಗೆ ಸುಮಾರು ೫ ಲಕ್ಷ ೯೩ ಸಾವಿರ, ಕೆನಿಗೆ ಸುಮಾರು ೫ ಲಕ್ಷ ೩೧ ಸಾವಿರ. ಎರಡು ಮಹಾಪಕ್ಷಗಳ ಗವರ್ನರ್ ಉಮೇದುವಾರಿಕೆಯನ್ನೂ ಒಬ್ಬನೇ ಗೆದ್ದುದು ಆ ಸಂಸ್ಥಾನದ ಚರಿತ್ರೆಯಲ್ಲಿ ಅದೊಂದೇ ಸಲ. ನವೆಂಬರಿನಲ್ಲಿ ಅವನ ಎದುರಿಗೆ ಮುಖ್ಯವಾಗಿ ಉಳಿದವನು ಪಾನನಿರೋಧ ಪಕ್ಷದ ಉಮೇದುವಾರನು. ವಾರನನಿಗೆ ಹತ್ತರಲ್ಲಿ ಒಂಬತ್ತು ಪಾಲಿಗೂ ಮೀರಿದ ಓಟುಗಳು ಬಿದ್ದುವು. ಅಂದಿನ ಮತದಾನವು ಜೂನಿನಲ್ಲಿ ಆದ ನಿರ್ಣಯಕ್ಕೆ ಮುದ್ರೆಯೊತ್ತುವ ಕೆಲಸವನ್ನಷ್ಟೇ ಮಾಡಿತು.

೧೯೫೦ರಲ್ಲಿ ಅವನು ಮೂರನೆಯ ಸಲ ನಿಂತಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟನ ಹಿರಿಯ ಮಗನಾದ ಜೇಮ್ಸ್ ರೂಸ್‌ವೆಲ್ಟನು ಡೆಮೊಕ್ರಾಟಿಕ್ ಉಮೇದುವಾರಿಕೆಯನ್ನು ವಾರನನಿಗೆ ಬಿಡದೆ ಉಳಿಸಿಕೊಂಡನು. ಆದರೂ ನವೆಂಬರಿನಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಓಟುಗಳಿಂದ ವಾರನನೇ ಗೆದ್ದನು. ೧೯೫೩ರಲ್ಲಿ ಅವನು ದೇಶದ ಮುಖ್ಯ ನ್ಯಾಯಾಧೀಶನಾಗಿ ಹೊರಟುಹೋದನು.

೫

ಈ ಪದ್ಧತಿಯ ಗುಣದೋಷಗಳನ್ನು ತೂಗುವಾಗ ಎರಡು ಪಕ್ಷದ ವಾದಗಳಲ್ಲಿಯೂ ತಥ್ಯವುಂಟೆಂದು ಹೇಳಬೇಕಾಗಿದೆ. ಉಭಯಪಕ್ಷ ಉಮೇದುವಾರಿಕೆಯ ಸಮರ್ಥಕರು, ಮತದಾರನು ಪಕ್ಷದ ಹೆಸರನ್ನು ನೋಡದೆ ವ್ಯಕ್ತಿಯ ಯೋಗ್ಯತೆಯನ್ನು ನೋಡಲು ಇದು ಕಲಿಸುವುದೆಂದರು. ವಾರನನ ವಿಷಯದಲ್ಲಿ ಇದು ಬಹಳಮಟ್ಟಿಗೆ ನಿಜ. ಡೆಮೊಕ್ರಾಟರು ಅವನ ಕೆಲಸವನ್ನು ನೋಡಿಯೇ ಅವನಿಗೆ ಓಟು ಕೊಟ್ಟರು. ವಿರೋಧಿಗಳು ತೋರಿಸಿದ ದೋಷವು ಬೇರೆ. ಪೂರ್ವಚುನಾವಣೆಯ ಮತಪತ್ರದಲ್ಲಿ ಉಮೇದುವಾರನ ಪಕ್ಷವು ಯಾವುದೆಂದು ಆಗ ಮುದ್ರಿತವಾಗಿರುತ್ತಿರಲಿಲ್ಲ. ಹೆಸರು ಪರಿಚಿತವಾಗಿದ್ದವನಿಗೆ, ಎಂದರೆ ಅಧಿಕಾರದಲ್ಲಿದ್ದವನಿಗೆ, ಇದರಿಂದ ಮಹಾಲಾಭವಾಯಿತು. ಶಾಸನಸಭೆಯ ಅನೇಕ ಸ್ಥಾನಗಳೂ ಪೂರ್ವಚುನಾವಣೆಯಲ್ಲಿಯೇ ತೀರ್ಮಾನವಾಗುತ್ತಿದ್ದುವು.

ಇದಕ್ಕಿಂತ ಗಹನವಾದ ಸಂಗತಿಯೊಂದುಂಟು. ಪಕ್ಷಗಳು ಬಲಗುಂದಿದ ಕಡೆ ಪ್ರಜೆಯ ಬಲವೇ ಬೆಳೆದೀತೆಂದು ಸುಧಾರಕರು ನಂಬಿದ್ದರು. ಆ ತೆರವಾದ ಸ್ಥಳಕ್ಕೆ ಮದ್ಯವ್ಯಾಪಾರಿಗಳೇ ಮೊದಲಾದವರ ಪ್ರತಿನಿಧಿಯಾದ ಆರ್ಟಿ ಸಾಮಿಷ್ ಎಂಬವನು ಬಂದು ಕುಳಿತನು. ೧೯೪೯ರಲ್ಲಿ ಕಾಲಿಯರ್ಸ್ ಪತ್ರಿಕೆಯು ಅವನನ್ನು ಕ್ಯಾಲಿಫೋರ್ನಿಯಾದ ಗುಪ್ತ ಯಜಮಾನನೆಂದು ವರ್ಣಿಸಿತು; ಅವನಿಗೆ ಆಸಕ್ತಿಯಿರುವ ವಿಷಯಗಳಲ್ಲಿ ಅವನ ಕೈ ಗವರ್ನರನ ಕೈಗಿಂತ ಮೇಲೆಂದು ವಾರನನೇ ಒಪ್ಪಿಕೊಂಡಿದ್ದನು. ರೈಲ್ವೆಯ ಯಜಮಾನಿಕೆಯನ್ನು ಓಡಿಸಲೆಂದು ತೆರೆದ ಬಾಗಿಲಿನಿಂದಲೇ ಇನ್ನೊಂದು ಯಜಮಾನಿಕೆಯು ಒಳಹೊಕ್ಕಿತು.

೬

ಪರಿವರ್ತನೆಯು ಮೆಲ್ಲಮೆಲ್ಲನೆ ಆಯಿತು. ೧೯೫೨ರಲ್ಲಿ ಈ ಪದ್ಧತಿಯನ್ನು ರದ್ದುಗೊಳಿಸುವ ಸೂಚನೆಯು ಜನಮತಗಣನೆಯಲ್ಲಿ ಅಲ್ಪ ಅಂತರದಿಂದ ಬಿದ್ದುಹೋಯಿತು; ಆದರೆ ಮತಪತ್ರದಲ್ಲಿ ಪಕ್ಷದ ಹೆಸರು ಇರಬೇಕೆಂಬ ಸೂಚನೆಯು ಗೆದ್ದಿತು. ಆ ಒಂದು ಮಾತು ಅಚ್ಚಾದ ಮೇಲೆ ಪದ್ಧತಿಯ ಬಲವು ಕುಗ್ಗಿತು. ೧೯೫೯ರಲ್ಲಿ ಅದನ್ನು ಪೂರ್ಣವಾಗಿ ತೆಗೆದುಹಾಕಿದರು.

ಆದರೂ ಹಳೆಯ ಹಂಬಲವು ಸಾಯಲಿಲ್ಲ. ಯಾವ ಪಕ್ಷದವನಾದರೂ ಯಾವ ಪಕ್ಷದ ಉಮೇದುವಾರನಿಗಾದರೂ ಓಟು ಕೊಡಬಹುದೆಂಬ ಪೂರ್ವಚುನಾವಣೆಯನ್ನು ೧೯೯೬ರಲ್ಲಿ ಜನರು ಅಂಗೀಕರಿಸಿದರು. ಪಕ್ಷವೆಂಬುದು ಸಮಾನಾಭಿಪ್ರಾಯದವರ ಕೂಟ, ತನ್ನ ವಕ್ತಾರನನ್ನು ಹೊರಗಿನವರು ಆರಿಸಬೇಕೆಂದು ಅದನ್ನು ಬಲಾತ್ಕರಿಸಕೂಡದು ಎಂದು ದೇಶದ ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ಅದನ್ನು ತಳ್ಳಿಹಾಕಿತು. ಇದೇ ನ್ಯಾಯಾಲಯವು ೧೯೪೪ರಲ್ಲಿ, ಟೆಕ್ಸಾಸ್ ಸಂಸ್ಥಾನದ ಡೆಮೊಕ್ರಾಟಿಕ್ ಪಕ್ಷವು ತನ್ನ ಪೂರ್ವಚುನಾವಣೆಯಿಂದ ಕರಿಯ ಪ್ರಜೆಗಳನ್ನು ಹೊರಗಿಟ್ಟಿದ್ದಾಗ, ಪೂರ್ವಚುನಾವಣೆಯು ಖಾಸಗಿ ಕೂಟದ ಕೆಲಸವಲ್ಲ, ಸರ್ಕಾರದ ಚುನಾವಣೆಯದೇ ಒಂದು ಅಂಗವೆಂದು ನಿರ್ಣಯಿಸಿದ್ದಿತು. ಎರಡು ತೀರ್ಪುಗಳನ್ನೂ ಜೊತೆಗಿಟ್ಟು ಓದಿದರೆ ಪಕ್ಷದ ದ್ವಿವಿಧ ಸ್ವಭಾವವು ತಿಳಿಯುವುದು: ಅದು ಅರ್ಧ ಮನೆ, ಅರ್ಧ ಚಾವಡಿ. ತನ್ನವರನ್ನು ಪ್ರಜೆಗಳೆಂಬ ಕಾರಣದಿಂದ ಒಳಗೆ ಬಿಡಲೇಬೇಕು. ಪರರ ಕೈಗೆ ತನ್ನ ಹೆಸರನ್ನು ಒಪ್ಪಿಸಲೇಬೇಕೆಂಬ ಕಟ್ಟಿಲ್ಲ.

೨೦೧೦ರಲ್ಲಿ ಅಂಗೀಕೃತವಾದ ಪದ್ಧತಿಯು ಈ ಕಗ್ಗಂಟನ್ನು ಬೇರೆ ರೀತಿಯಿಂದ ಬಿಡಿಸಲು ಯತ್ನಿಸಿದೆ. ಎಲ್ಲ ಉಮೇದುವಾರರೂ ಒಂದೇ ಮತಪತ್ರದಲ್ಲಿ ನಿಲ್ಲುವರು. ಮೊದಲ ಇಬ್ಬರು, ಯಾವ ಪಕ್ಷದವರೇ ಆಗಲಿ, ನವೆಂಬರಿಗೆ ಹೋಗುವರು. ೨೦೧೪ರಲ್ಲಿ ಜೆರಿ ಬ್ರೌನನೂ ೨೦೨೨ರಲ್ಲಿ ಗ್ಯಾವಿನ್ ನ್ಯೂಸಮನೂ ಪುನರಾಯ್ಕೆಗೆ ನಿಂತು, ಜೂನಿನಲ್ಲಿಯೇ ಅರ್ಧಕ್ಕಿಂತ ಹೆಚ್ಚು ಓಟುಗಳನ್ನು ಪಡೆದರು. ಆದರೂ ಇಬ್ಬರೂ ನವೆಂಬರಿನಲ್ಲಿ ಮತ್ತೊಮ್ಮೆ ಎದುರಾಳಿಯನ್ನು ಎದುರಿಸಿಯೇ ಗೆಲ್ಲಬೇಕಾಯಿತು. ವಾರನನಿಗೆ ದೊರೆತಂತಹ ಎದುರಾಳಿಯಿಲ್ಲದ ನವೆಂಬರು ಈಗ ಸುಲಭವಾಗಿ ದೊರೆಯದು.

ಒಟ್ಟಿನಲ್ಲಿ, ಗವರ್ನರನ ಪುನರಾಯ್ಕೆಯನ್ನು ಅರಿಯಬೇಕಾದವನು ನವೆಂಬರಿನ ಅಂಕಿಗಳನ್ನು ಮಾತ್ರ ನೋಡಿದರೆ ಸಾಲದು. ೧೯೨೨ರಿಂದ ೧೯೩೦ರವರೆಗೆ ಮೂವರನ್ನು ಇಳಿಸಿದುದೂ ೧೯೪೬ರಲ್ಲಿ ಒಬ್ಬನನ್ನು ಮೆರೆಸಿದುದೂ ಪೂರ್ವಚುನಾವಣೆಯೇ. ಅಲ್ಲಿ ಓಟು ಕೊಡುವವರು ಯಾರು, ಮತಪತ್ರದ ಮೇಲೆ ಏನು ಬರೆದಿದೆ ಎಂಬ ಎರಡು ಸಣ್ಣ ಪ್ರಶ್ನೆಗಳನ್ನು ಮೊದಲು ಕೇಳಿಕೊಂಡರೆ, ನವೆಂಬರಿನ ಫಲಿತಾಂಶದ ಅರ್ಥವು ತಾನಾಗಿಯೇ ಬಿಚ್ಚಿಕೊಳ್ಳುವುದು.