ನದಿ ಸಿಗದ ಮೊಸಳೆಗಳು

ಶ್ರೀರಂಗಪಟ್ಟಣದ ಕಡೆಯವನಾದ ನನಗೆ ಮೊಸಳೆ ಎಂದರೆ ರಂಗನತಿಟ್ಟಿನ ಬಂಡೆಯ ಮೇಲೆ ಬಾಯ್ತೆರೆದು ಬಿಸಿಲು ಕಾಯಿಸುವ ಪ್ರಾಣಿ. ಚೆನ್ನೈನಲ್ಲೇ ಹುಟ್ಟಿದ ಆರು ವರ್ಷದ ಮಗಳಿಗೆ ಅದು ಈಸಿಆರ್ ರಸ್ತೆ ಬದಿಯ ಗೋಡೆಯಾಚೆ ಒಂದರ ಮೇಲೊಂದು ಬಿದ್ದುಕೊಂಡಿರುವ ಜೀವ.

ಮಹಾಬಲಿಪುರಕ್ಕೆ ಹೋಗುವ ದಾರಿಯಲ್ಲಿ, ಚೆನ್ನೈನಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್. ಒಂದು ಬದಿ ರಸ್ತೆ, ಇನ್ನೊಂದು ಬದಿ ಬಂಗಾಳ ಕೊಲ್ಲಿ. ಮರಗಳ ನೆರಳಲ್ಲಿ ಸಾಲು ಸಾಲು ಕೊಳಗಳು. ಕಳೆದ ಭಾನುವಾರ ಒಬ್ಬಾತ ‘ಇದು ಬೊಂಬೆಯೇ ಇರಬೇಕು’ ಎಂದು ಬಾಟಲಿ ಎಸೆಯಲು ಹೊರಟಿದ್ದ. ಪುಣ್ಯಕ್ಕೆ ಸಿಬ್ಬಂದಿ ತಡೆದರು.

ಚರ್ಮಕ್ಕಾಗಿ ನಡೆದ ಬೇಟೆಯಿಂದ ನಮ್ಮ ದೇಶದ ಮೂರೂ ಜಾತಿಯ ಮೊಸಳೆಗಳು ಅಳಿವಿನಂಚಿಗೆ ಬಂದಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು. ರೊಮುಲಸ್ ವಿಟೇಕರ್ ಮತ್ತು ಸಂಗಡಿಗರು 1976ರಲ್ಲಿ ಈ ಬ್ಯಾಂಕ್ ಕಟ್ಟಿದರು. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ನೆಲೆಯಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು ಮುಂದೆ ಸ್ಥಾಪಿಸಿದವರೂ ಇದೇ ವಿಟೇಕರ್. ಇಲ್ಲಿ ಮೊಸಳೆಗಳನ್ನು ಸಾಕಿ, ಮರಿ ಮಾಡಿಸಿ, ನದಿಗಳಿಗೆ ಬಿಡಬೇಕೆಂಬುದು ಲೆಕ್ಕಾಚಾರ. ಬ್ಯಾಂಕ್ ಎಂಬ ಹೆಸರಿಗೂ ಅದೇ ಕಾರಣ.

ಸಾಕಿದ್ದು ಫಲಿಸಿತು. ನೂರಾರು ಮೊಸಳೆಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು. ಆದರೆ ಠೇವಣಿ ಬೆಳೆದಷ್ಟು ಅದನ್ನು ಪಡೆಯುವ ನದಿಗಳು ಉಳಿಯಲಿಲ್ಲ. ಸಿಹಿನೀರಿನ ಮೊಸಳೆ ಮೊಟ್ಟೆ ಇಡುವುದು ದಡದಲ್ಲಿ ಗುಂಡಿ ತೋಡಿ. ಆ ದಡದ ಮರಳನ್ನೇ ಲಾರಿಗಳು ಹೊತ್ತೊಯ್ದರೆ? ಬಟ್ಟೆ ಒಗೆಯುವ, ಮೀನು ಹಿಡಿಯುವ, ದನ ತೊಳೆಯುವ ಜಾಗಕ್ಕೆ ಮೊಸಳೆ ತಂದುಬಿಟ್ಟರೆ ಊರವರು ಒಪ್ಪುತ್ತಾರೆಯೇ? ಹೀಗೆ ಕಾಡಿಗೆಂದು ಹುಟ್ಟಿದ ಎಷ್ಟೋ ಮೊಸಳೆಗಳು ಕೊಳದಲ್ಲೇ ಮುದಿಯಾದವು.

‘ಇಷ್ಟೊಂದು ಯಾಕಪ್ಪಾ ಇಲ್ಲೇ ಇವೆ? ನಿಮ್ಮೂರ ನದಿಗೆ ಬಿಡಬಹುದಲ್ವಾ?’ ಎಂದಳು ಮಗಳು.

ಇಷ್ಟನ್ನೆಲ್ಲ ಅವಳಿಗೆ ಅರ್ಥವಾಗುವಂತೆ ಹೇಳಲು ನನಗೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ‘ನಿಮ್ಮೂರು’ ಎಂಬ ಮಾತು. ವರ್ಷಕ್ಕೊಮ್ಮೆ ಹೋದರೂ ಅಜ್ಜಿಯ ಮನೆ, ಮದುವೆ ಛತ್ರ, ವಾಪಸ್ ರೈಲು. ಹೊಳೆ ತೋರಿಸಿದ್ದೇ ಇಲ್ಲ. ಮೊಸಳೆಗೆ ನದಿ ಬೇಕು ಎಂದು ಅವಳಿಗೆ ಪಾಠ ಹೇಳುವ ಮೊದಲು, ನದಿಯಲ್ಲಿರುವ ಮೊಸಳೆಯನ್ನು ಅವಳು ನೋಡಬೇಕು.

ದಸರಾ ರಜೆಗೆ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮೂರು ಟಿಕೆಟ್ ಮಾಡಿಸಿದ್ದೇನೆ. ಮೊದಲ ಬೆಳಗ್ಗೆಯೇ ರಂಗನತಿಟ್ಟು.